ಪ್ರಶಸ್ತಿಯ ಹೊಸ್ತಿಲು

ಕವಿಗಳನ್ನೂ ಪಂಡಿತರನ್ನೂ ಗೌರವಿಸುವ ಸಂಪ್ರದಾಯ ಕನ್ನಡ ನಾಡಿಗೆ ಹೊಸತಲ್ಲ. ಹತ್ತನೆಯ ಶತಮಾನದಲ್ಲಿ ಮಹಾಕವಿ ಪಂಪನು ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದಾಗ ಅವನ ಆಶ್ರಯದಾತನಾದ ಅರಿಕೇಸರಿಯು ಧರ್ಮವುರವೆಂಬ ಅಗ್ರಹಾರವನ್ನೇ ಅವನಿಗೆ ದಾನವಾಗಿ ಕೊಟ್ಟನು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಪೊನ್ನನಿಗೆ ‘ಉಭಯಕವಿಚಕ್ರವರ್ತಿ’ ಎಂಬ ಬಿರುದನ್ನಿತ್ತನು. ರನ್ನನು ಚಾಲುಕ್ಯರ ಆಸ್ಥಾನದಲ್ಲಿ ‘ಕವಿಚಕ್ರವರ್ತಿ’ ಎನಿಸಿದನು. ಇವರೆಲ್ಲ ಆ ಗೌರವಗಳಿಗೆ ಸರ್ವಥಾ ಯೋಗ್ಯರೇ ಸರಿ. ಆದರೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇವರನ್ನು ಆರಿಸಿದವರು ಯಾರು? ಅರಸರು. ಯಾವ ನಿಯಮದಂತೆ ಆರಿಸಿದರು? ಅವರ ಅಭಿರುಚಿಯೇ ನಿಯಮ, ಅವರ ಸಂತೋಷವೇ ಪ್ರಮಾಣ. ಅರಸನು ರಸಿಕನಾಗಿದ್ದರೆ ಕವಿಗೆ ಮನ್ನಣೆ; ಅಲ್ಲದಿದ್ದರೆ ಕವಿಯ ಪಾಡು ಕಾಡಿನ ಬೆಳದಿಂಗಳು. ಅರಮನೆಯ ಬಾಗಿಲಿನವರೆಗೆ ಹೋಗಲಾರದೆ, ಓಲೆಗರಿಗಳೊಡನೆ ತಾನೂ ಮರೆಯಾದ ಕವಿಗಳು ಎಷ್ಟು ಮಂದಿಯೋ, ಬಲ್ಲವರಾರು?

ಪ್ರಜಾಪ್ರಭುತ್ವದಲ್ಲಿ ಅರಸನಿಲ್ಲ. ಇಲ್ಲಿ ಗೌರವವನ್ನು ಕೊಡುವವರು ಜನರು. ಕೊಡುವ ಹಣವೂ ಜನರದೇ. ಹೀಗಿರುವಾಗ ಒಬ್ಬರ ಮೆಚ್ಚುಗೆಯೊಂದರಿಂದಲೇ ಪ್ರಶಸ್ತಿಯನ್ನು ಹಂಚುವುದು ನ್ಯಾಯವೆನಿಸದು. ಊಟದ ಪಂಕ್ತಿಯಲ್ಲಿ ಕುಳಿತವರಿಗೆಲ್ಲ ಒಂದೇ ಬಗೆಯಾಗಿ ಬಡಿಸಬೇಕೆಂಬುದು ನಮ್ಮ ಹಿರಿಯರ ಮಾತು. ಪಂಕ್ತಿಭೇದ ಮಾಡುವುದನ್ನು ಅವರು ಪಾಪವೆಂದೇ ಎಣಿಸಿದ್ದರು. ಸಾಹಿತ್ಯದ ಪಂಕ್ತಿಯಲ್ಲಿಯೂ ಭೇದವಾಗಬಾರದೆಂದರೆ ಮೊದಲೇ ಬರೆದಿಟ್ಟ, ಎಲ್ಲರಿಗೂ ಸಮಾನವಾಗಿ ಅನ್ವಯಿಸುವ ನಿಯಮಗಳು ಬೇಕು. ಯಾವ ಪುಸ್ತಕವನ್ನು ಪ್ರಶಸ್ತಿಗೆ ಪರಿಗಣಿಸಬಹುದು, ಯಾವುದನ್ನು ಪರಿಗಣಿಸಬಾರದು ಎಂಬುದನ್ನು ಹೇಳುವ ಈ ನಿಯಮಗಳಿಗೆ ಅರ್ಹತೆಯ ನಿಯಮಗಳೆಂದು ಹೆಸರು.

ಅರ್ಹತೆ ಬೇರೆ, ಶ್ರೇಷ್ಠತೆ ಬೇರೆ. ಈ ವ್ಯತ್ಯಾಸವನ್ನು ಮೊದಲಿಗೇ ಸ್ಪಷ್ಟವಾಗಿ ತಿಳಿದುಕೊಳ್ಳುವುದು ಒಳ್ಳೆಯದು. ಕುಸ್ತಿಯ ಅಖಾಡಕ್ಕೆ ಇಳಿಯುವ ಮುನ್ನ ಪೈಲ್ವಾನರನ್ನು ತೂಕ ಮಾಡುತ್ತಾರೆ. ಯಾರು ಯಾರೊಡನೆ ಸೆಣಸಬಹುದೆಂಬುದನ್ನು ಆ ತೂಕ ನಿರ್ಣಯಿಸುತ್ತದೆಯೇ ಹೊರತು, ಗೆಲ್ಲುವವರಾರೆಂಬುದನ್ನಲ್ಲ. ಅದರಂತೆಯೇ ಅರ್ಹತೆಯ ನಿಯಮಗಳು ಪುಸ್ತಕವೊಂದರ ರಸವನ್ನಾಗಲಿ, ವಿಚಾರದ ಆಳವನ್ನಾಗಲಿ ಅಳೆಯುವುದಿಲ್ಲ. ಅವು ಪ್ರಶಸ್ತಿಯ ಹೊಸ್ತಿಲು ಮಾತ್ರ. ಹೊಸ್ತಿಲನ್ನು ದಾಟಿದ ಪುಸ್ತಕಗಳಲ್ಲಿ ಉತ್ತಮವಾದುದನ್ನು ಆರಿಸುವುದು ವಿಮರ್ಶಕರ ಕೆಲಸ.

ನಮ್ಮ ದೇಶದಲ್ಲಿ ಈ ಬಗೆಯ ಪ್ರಶಸ್ತಿಗಳಲ್ಲಿ ಮುಖ್ಯವಾದುದು ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ. ಅಕಾಡೆಮಿಯು 1954ರ ಮಾರ್ಚ್ 12ರಂದು ದೆಹಲಿಯ ಸಂಸತ್ ಭವನದಲ್ಲಿ ಉದ್ಘಾಟನೆಗೊಂಡಿತು. ಅಂದಿನ ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರೇ ಅದರ ಮೊದಲ ಅಧ್ಯಕ್ಷರು. ಸರ್ಕಾರವು ಸ್ಥಾಪಿಸಿದ ಸಂಸ್ಥೆಯಾದರೂ ಅದು ಸ್ವಾಯತ್ತ ಸಂಸ್ಥೆ. 1955ರಲ್ಲಿ ಮೊದಲ ಪ್ರಶಸ್ತಿಗಳು ಪ್ರಕಟವಾದವು. ಆ ಮೊದಲ ವರ್ಷದಲ್ಲಿಯೇ ಕನ್ನಡಕ್ಕೆ ಸಂದ ಗೌರವ ಕುವೆಂಪು ಅವರ ‘ಶ್ರೀರಾಮಾಯಣ ದರ್ಶನಂ’ ಮಹಾಕಾವ್ಯದ್ದು. ಆಗ ಪ್ರಶಸ್ತಿಯ ಮೊತ್ತ 5,000 ರೂಪಾಯಿ. ಕಾಲಕ್ರಮದಲ್ಲಿ ಹೆಚ್ಚುತ್ತ ಹೋಗಿ 2009ರಿಂದ ಅದು ಒಂದು ಲಕ್ಷ ರೂಪಾಯಿಯಾಯಿತು. ಹಣದೊಡನೆ ಲೇಖಕರಿಗೆ ಒಂದು ತಾಮ್ರದ ಫಲಕವನ್ನೂ ನೀಡುತ್ತಾರೆ. ಅದರ ವಿನ್ಯಾಸವನ್ನು ರಚಿಸಿದವರು ಪ್ರಸಿದ್ಧ ಚಲನಚಿತ್ರ ನಿರ್ದೇಶಕ ಸತ್ಯಜಿತ್ ರಾಯ್.

ಪುಸ್ತಕಕ್ಕೆ ಎದುರಾಗುವ ಮೊದಲ ಪ್ರಶ್ನೆ ಭಾಷೆಯದು. ಅಕಾಡೆಮಿಯು ಮನ್ನಣೆ ನೀಡಿರುವ ಭಾಷೆಗಳು 24. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ 22 ಭಾಷೆಗಳ ಜೊತೆಗೆ ಇಂಗ್ಲಿಷ್ ಮತ್ತು ರಾಜಸ್ಥಾನಿ ಭಾಷೆಗಳೂ ಇದರಲ್ಲಿ ಸೇರಿವೆ. ಪ್ರತಿಯೊಂದು ಭಾಷೆಗೂ ವರ್ಷಕ್ಕೊಂದು ಪ್ರಶಸ್ತಿ. ಇಲ್ಲಿ ನಿಯಮವು ಕೇಳುವುದು ಪುಸ್ತಕದ ಭಾಷೆಯನ್ನೇ ಹೊರತು ಲೇಖಕನ ಮನೆಮಾತನ್ನಲ್ಲ. ದ. ರಾ. ಬೇಂದ್ರೆಯವರ ಮನೆಮಾತು ಮರಾಠಿ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರದು ತಮಿಳು. ಆದರೂ ಅವರ ಕೃತಿಗಳು ಕನ್ನಡದವು. ಆದುದರಿಂದ ಅವರಿಗೆ ಸಂದ ಪ್ರಶಸ್ತಿಗಳೂ ಕನ್ನಡಕ್ಕೇ ಸಂದವು. ಮೈಸೂರಿನಲ್ಲಿ ನೆಲೆಸಿದ್ದ ಆರ್. ಕೆ. ನಾರಾಯಣ್ ಅವರು 1960ರಲ್ಲಿ ‘ದಿ ಗೈಡ್’ ಕಾದಂಬರಿಗಾಗಿ ಪಡೆದ ಪ್ರಶಸ್ತಿ ಇಂಗ್ಲಿಷ್ ಭಾಷೆಯದು.

ಮನ್ನಣೆ ಪಡೆದ ಪಟ್ಟಿಯ ಹೊರಗೆ ಉಳಿದ ಭಾಷೆಗಳ ಗತಿಯೇನು? ಕರ್ನಾಟಕದಲ್ಲಿಯೇ ತುಳು, ಕೊಡವ ಮೊದಲಾದ ಭಾಷೆಗಳನ್ನು ಆಡುವವರು ಲಕ್ಷಾಂತರ ಮಂದಿ ಇದ್ದಾರೆ. ಆ ಭಾಷೆಗಳಲ್ಲಿ ಎಷ್ಟೇ ಉತ್ತಮವಾದ ಕೃತಿ ಬಂದರೂ ವಾರ್ಷಿಕ ಪ್ರಶಸ್ತಿಯ ಹೊಸ್ತಿಲನ್ನು ಅದು ದಾಟಲಾರದು. ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬುವುದಕ್ಕಾಗಿ ಅಕಾಡೆಮಿಯು 1996ರಲ್ಲಿ ‘ಭಾಷಾ ಸಮ್ಮಾನ’ವನ್ನು ಏರ್ಪಡಿಸಿತು. ತುಳುವಿನಲ್ಲಿ ರಾಮಾಯಣವನ್ನು ರಚಿಸಿದ ಮಂದಾರ ಕೇಶವ ಭಟ್ಟರು ಮೊದಲ ವರ್ಷದಲ್ಲಿಯೇ ಈ ಸಮ್ಮಾನವನ್ನು ಪಡೆದರು. ನಿಯಮವೊಂದು ಯಾರನ್ನಾದರೂ ಹೊರಗಿಟ್ಟಾಗ, ಅವರಿಗಾಗಿ ಬೇರೊಂದು ಬಾಗಿಲನ್ನು ತೆರೆಯುವುದೂ ನ್ಯಾಯದ ಒಂದು ಅಂಗವೇ ಆಗಿದೆ.

ಎರಡನೆಯದು ಪೌರತ್ವದ ಪ್ರಶ್ನೆ. ಲೇಖಕರು ಭಾರತದ ಪ್ರಜೆಗಳಾಗಿರಬೇಕು. ಇಂದು ಕನ್ನಡಿಗರು ಅಮೆರಿಕ, ಇಂಗ್ಲೆಂಡ್ ಮುಂತಾದ ದೇಶಗಳಲ್ಲಿ ನೆಲೆಸಿ ಕನ್ನಡದಲ್ಲಿಯೇ ಕಥೆ, ಕವಿತೆಗಳನ್ನು ಬರೆಯುತ್ತಿದ್ದಾರೆ. ಅವರು ಭಾರತದ ಪೌರತ್ವವನ್ನು ಉಳಿಸಿಕೊಂಡಿದ್ದರೆ ಅಡ್ಡಿಯಿಲ್ಲ. ಬೇರೆ ದೇಶದ ಪೌರತ್ವವನ್ನು ಸ್ವೀಕರಿಸಿದ್ದರೆ, ಅವರ ಪುಸ್ತಕ ಅಚ್ಚಗನ್ನಡದ್ದೇ ಆಗಿದ್ದರೂ ಈ ರಾಷ್ಟ್ರೀಯ ಪ್ರಶಸ್ತಿಗೆ ಅರ್ಹವಾಗುವುದಿಲ್ಲ. ಭಾಷೆಗೆ ಗಡಿಯಿಲ್ಲ, ರಾಷ್ಟ್ರೀಯ ಪ್ರಶಸ್ತಿಗೆ ಗಡಿಯುಂಟು.

ಮೂರನೆಯದು ಕಾಲದ ನಿಯಮ. ಎಲ್ಲ ನಿಯಮಗಳಲ್ಲಿಯೂ ಹೆಚ್ಚು ಗಮನವನ್ನು ಬೇಡುವುದು ಇದೇ. ಪ್ರಶಸ್ತಿಯ ವರ್ಷಕ್ಕೆ ಹಿಂದಿನ ಒಂದು ವರ್ಷವನ್ನು ಬಿಟ್ಟು, ಅದಕ್ಕೂ ಹಿಂದಿನ ಐದು ವರ್ಷಗಳಲ್ಲಿ ಮೊದಲ ಬಾರಿಗೆ ಪ್ರಕಟವಾದ ಪುಸ್ತಕಗಳನ್ನು ಮಾತ್ರ ಪರಿಗಣಿಸುತ್ತಾರೆ. 2024ರ ಪ್ರಶಸ್ತಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಹಿಂದಿನ ವರ್ಷ 2023, ಅದನ್ನು ಬಿಡಬೇಕು. ಉಳಿದದ್ದು 2018ರ ಜನವರಿ 1ರಿಂದ 2022ರ ಡಿಸೆಂಬರ್ 31ರವರೆಗಿನ ಅವಧಿ. ಈ ಐದು ವರ್ಷಗಳಲ್ಲಿ ಮೊದಲ ಮುದ್ರಣವನ್ನು ಕಂಡ ಪುಸ್ತಕಗಳಿಗಷ್ಟೇ ಆ ವರ್ಷ ಪ್ರವೇಶ. ಹಿಂದೆ ಈ ಅವಧಿ ಮೂರು ವರ್ಷಗಳದಾಗಿತ್ತು. ಮುಂದೆ ಅದನ್ನು ಐದಕ್ಕೆ ವಿಸ್ತರಿಸಲಾಯಿತು.

ಒಂದು ವರ್ಷವನ್ನು ಬಿಡುವುದೇಕೆ ಎಂದು ಕೆಲವರು ಕೇಳಬಹುದು. ಇದರಲ್ಲಿ ವಿವೇಕವಿದೆ. ಪುಸ್ತಕವು ಅಚ್ಚಾದ ಕೂಡಲೇ ಓದುಗರ ಕೈ ಸೇರುವುದಿಲ್ಲ. ಅದು ಅಂಗಡಿಗಳಿಗೂ ಗ್ರಂಥಾಲಯಗಳಿಗೂ ತಲುಪಬೇಕು. ಓದಿದವರು ಅದರ ಬಗ್ಗೆ ಮಾತನಾಡಬೇಕು. ವಿಮರ್ಶಕರು ಅದನ್ನು ಪರಿಶೀಲಿಸಬೇಕು. ಬಿಡುಗಡೆಯ ಸಮಾರಂಭದ ಸಡಗರವು ಅಡಗಿದ ಮೇಲೆ ಉಳಿಯುವುದೆಷ್ಟು ಎಂಬುದು ತಿಳಿಯಲು ಕಾಲ ಬೇಕು. ಆಗತಾನೆ ಕಡೆದ ಮಜ್ಜಿಗೆಯಲ್ಲಿ ನೊರೆಯೂ ಮೇಲೆಯೇ ಇರುತ್ತದೆ, ಬೆಣ್ಣೆಯೂ ಮೇಲೆಯೇ ಇರುತ್ತದೆ. ಸ್ವಲ್ಪ ತಾಳಿದರೆ ನೊರೆ ಇಳಿಯುತ್ತದೆ, ಬೆಣ್ಣೆ ನಿಲ್ಲುತ್ತದೆ.

ಅವಧಿಯು ಐದು ವರ್ಷಗಳದಾದುದರಿಂದ ಇನ್ನೊಂದು ಅನುಕೂಲವೂ ಉಂಟು. 2020ರಲ್ಲಿ ಪ್ರಕಟವಾದ ಪುಸ್ತಕವೊಂದು 2022ರಿಂದ 2026ರವರೆಗಿನ ಐದೂ ಪ್ರಶಸ್ತಿಗಳಿಗೆ ಅರ್ಹವಾಗಿರುತ್ತದೆ. ಒಂದು ವರ್ಷ ಅದಕ್ಕಿಂತ ಉತ್ತಮವಾದ ಪುಸ್ತಕವೊಂದಕ್ಕೆ ಪ್ರಶಸ್ತಿ ಸಂದಿತೆಂದು ಅದರ ಭಾಗ್ಯ ಅಲ್ಲಿಗೇ ಮುಗಿಯುವುದಿಲ್ಲ. ಆದರೆ ಐದನೆಯ ಅವಕಾಶವೂ ಕಳೆದ ಬಳಿಕ ಬಾಗಿಲು ಮುಚ್ಚುತ್ತದೆ. ಎರಡನೆಯ ಮುದ್ರಣ, ಮೂರನೆಯ ಮುದ್ರಣಗಳು ಬಂದರೂ ಎಣಿಕೆಗೆ ಬರುವುದು ಮೊದಲ ಮುದ್ರಣದ ವರ್ಷವೇ. ಪುಸ್ತಕದ ಒಳಹಾಳೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ‘ಮೊದಲ ಮುದ್ರಣ’ ಎಂಬ ಸಾಲನ್ನು ಓದುಗರು ಸಾಮಾನ್ಯವಾಗಿ ಗಮನಿಸುವುದೇ ಇಲ್ಲ. ಆದರೆ ಪ್ರಶಸ್ತಿಯ ದೃಷ್ಟಿಯಿಂದ ಅದು ಪುಸ್ತಕದ ಜನ್ಮಪತ್ರಿಕೆ. ಅದನ್ನು ತಪ್ಪಿಲ್ಲದೆ ಅಚ್ಚು ಮಾಡುವುದು ಪ್ರಕಾಶಕರ ಹೊಣೆ.

ನಾಲ್ಕನೆಯದು ಪುಸ್ತಕದ ಸ್ವರೂಪಕ್ಕೆ ಸಂಬಂಧಿಸಿದ ನಿಯಮ. ಪ್ರಶಸ್ತಿಯೆಂದರೆ ಕಾವ್ಯಕ್ಕೋ ಕಾದಂಬರಿಗೋ ಮಾತ್ರ ಸಲ್ಲುವುದೆಂಬ ಭಾವನೆ ಕೆಲವರಲ್ಲಿದೆ. ಅದು ಸರಿಯಲ್ಲ. ಸೃಜನಶೀಲ ಕೃತಿಯಾಗಲಿ ವಿಮರ್ಶೆಯಾಗಲಿ, ಆ ಭಾಷೆಗೂ ಸಾಹಿತ್ಯಕ್ಕೂ ಗಣನೀಯ ಕೊಡುಗೆಯಾಗಿದ್ದರೆ ಸಾಕು. ಕನ್ನಡದ ಪಟ್ಟಿಯನ್ನು ನೋಡಿದರೆ ಈ ವೈಶಾಲ್ಯ ತಿಳಿಯುತ್ತದೆ. 1956ರಲ್ಲಿ ರಂ. ಶ್ರೀ. ಮುಗಳಿಯವರ ‘ಕನ್ನಡ ಸಾಹಿತ್ಯ ಚರಿತ್ರೆ’ಗೆ ಪ್ರಶಸ್ತಿ ಬಂದಿತು. ಕಾದಂಬರಿಕಾರರೆಂದು ಮನೆಮಾತಾಗಿದ್ದ ಶಿವರಾಮ ಕಾರಂತರಿಗೆ 1959ರಲ್ಲಿ ಪ್ರಶಸ್ತಿಯನ್ನು ತಂದುದು ಕಾದಂಬರಿಯಲ್ಲ, ‘ಯಕ್ಷಗಾನ ಬಯಲಾಟ’ವೆಂಬ ಅಧ್ಯಯನ ಗ್ರಂಥ. 1967ರಲ್ಲಿ ಡಿ. ವಿ. ಗುಂಡಪ್ಪನವರು ಭಗವದ್ಗೀತೆಯನ್ನು ಕುರಿತು ಬರೆದ ಗ್ರಂಥಕ್ಕೆ ಪ್ರಶಸ್ತಿ ಸಂದಿತು. ಅವರ ಮಗ, ಸಸ್ಯವಿಜ್ಞಾನಿ ಬಿ. ಜಿ. ಎಲ್. ಸ್ವಾಮಿಯವರು 1978ರಲ್ಲಿ ‘ಹಸುರು ಹೊನ್ನು’ ಎಂಬ ಗ್ರಂಥಕ್ಕಾಗಿ ಅದೇ ಪ್ರಶಸ್ತಿಯನ್ನು ಪಡೆದರು. ಕಾಡುಮೇಡುಗಳಲ್ಲಿ ಗಿಡಮರಗಳನ್ನು ಅರಸಿ ಅಲೆದ ಅನುಭವವೂ ಸಾಹಿತ್ಯವಾಗಬಲ್ಲುದೆಂಬುದಕ್ಕೆ ಇದು ಸಾಕ್ಷಿ. 1980ರಲ್ಲಿ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಪ್ರವಾಸಕಥನ ‘ಅಮೆರಿಕದಲ್ಲಿ ಗೊರೂರು’ ಈ ಗೌರವಕ್ಕೆ ಪಾತ್ರವಾಯಿತು.

ಇಷ್ಟು ವಿಶಾಲವಾದ ಅಂಗಳದಲ್ಲಿಯೂ ಕೆಲವು ಬಗೆಯ ಪುಸ್ತಕಗಳಿಗೆ ಎಡೆಯಿಲ್ಲ. ಅನುವಾದ, ಸಂಕಲನ, ಸಂಗ್ರಹರೂಪ, ಸಂಪಾದಿತ ಅಥವಾ ಟಿಪ್ಪಣಿಗಳನ್ನು ಕೂಡಿಸಿದ ಗ್ರಂಥ, ವಿಶ್ವವಿದ್ಯಾನಿಲಯದ ಪದವಿಗಾಗಿ ಸಿದ್ಧಪಡಿಸಿದ ಪ್ರಬಂಧ ಇವುಗಳನ್ನು ವಾರ್ಷಿಕ ಪ್ರಶಸ್ತಿಗೆ ಪರಿಗಣಿಸುವುದಿಲ್ಲ. ಇವು ಕೀಳಾದ ಕೆಲಸಗಳೆಂದು ಇದರ ಅರ್ಥವಲ್ಲ. ಹಳೆಯ ಓಲೆಗರಿಗಳನ್ನು ಹೋಲಿಸಿ ಶುದ್ಧಪಾಠವನ್ನು ಸಿದ್ಧಪಡಿಸುವ ಸಂಪಾದಕನ ಶ್ರಮ ಸಾಮಾನ್ಯವಾದುದಲ್ಲ. ಆದರೆ ಈ ಪ್ರಶಸ್ತಿಯ ಉದ್ದೇಶ ಲೇಖಕನ ಸ್ವಂತ ರಚನೆಯನ್ನು ಗೌರವಿಸುವುದು. ಪದವಿಯ ಪ್ರಬಂಧಕ್ಕೆ ಪದವಿಯೇ ಫಲ. ಒಂದೇ ದುಡಿಮೆಗೆ ಎರಡು ಕಡೆ ಕೂಲಿ ಸಲ್ಲದು. ಅನುವಾದಕರಿಗಂತೂ ಅಕಾಡೆಮಿಯು 1989ರಲ್ಲಿ ಪ್ರತ್ಯೇಕವಾದ ಅನುವಾದ ಬಹುಮಾನವನ್ನೇ ಆರಂಭಿಸಿತು.

ಇದೇ ಗುಂಪಿಗೆ ಸೇರಿದ ಮತ್ತೊಂದು ನಿಯಮ ತುಸು ಸೂಕ್ಷ್ಮವಾದುದು. ಕಥೆಗಳೋ ಕವಿತೆಗಳೋ ಪ್ರಬಂಧಗಳೋ ಇರುವ ಪುಸ್ತಕದಲ್ಲಿ, ಕನಿಷ್ಠ ನೂರಕ್ಕೆ 75ರಷ್ಟು ಭಾಗವು ಪುಸ್ತಕರೂಪದಲ್ಲಿ ಮೊದಲ ಬಾರಿಗೆ ಬಂದಿರಬೇಕು. ಸಮಾನ ಗಾತ್ರದ 20 ಕಥೆಗಳ ಸಂಕಲನವೊಂದಿದೆಯೆಂದು ಭಾವಿಸಿದರೆ, ಅವುಗಳಲ್ಲಿ 15 ಕಥೆಗಳು ಹಿಂದಿನ ಯಾವ ಪುಸ್ತಕದಲ್ಲಿಯೂ ಸೇರಿರಬಾರದು. 14 ಮಾತ್ರ ಹೊಸತಾಗಿದ್ದರೆ ಪುಸ್ತಕವು ಅರ್ಹತೆಯನ್ನು ಕಳೆದುಕೊಳ್ಳುತ್ತದೆ. ಇಲ್ಲಿ ‘ಪುಸ್ತಕರೂಪದಲ್ಲಿ’ ಎಂಬ ಮಾತು ಮುಖ್ಯ. ಕನ್ನಡದ ಕಥೆಗಾರರು ತಮ್ಮ ಕಥೆಗಳನ್ನು ಮೊದಲು ವಾರಪತ್ರಿಕೆ, ಮಾಸಪತ್ರಿಕೆಗಳಲ್ಲಿ ಪ್ರಕಟಿಸಿ, ಅನಂತರ ಒಟ್ಟುಗೂಡಿಸುವುದು ವಾಡಿಕೆ. ಪತ್ರಿಕೆಯಲ್ಲಿ ಬಂದ ಕಾರಣಕ್ಕೆ ಅಂಥ ಕಥೆ ಹಳತಾಗುವುದಿಲ್ಲ. ಹಳೆಯ ಪುಸ್ತಕಗಳಿಂದಲೇ ಕಥೆಗಳನ್ನು ಆಯ್ದು, ಹೊಸ ಹೊದಿಕೆಯನ್ನು ಹಾಕಿ, ಹೊಸ ಪುಸ್ತಕವೆಂದು ತರುವುದನ್ನು ತಡೆಯುವುದಷ್ಟೇ ಈ ನಿಯಮದ ಗುರಿ.

ಐದನೆಯದು ಲೇಖಕನಿಗೆ ಸಂಬಂಧಿಸಿದುದು. ಒಮ್ಮೆ ಈ ವಾರ್ಷಿಕ ಪ್ರಶಸ್ತಿಯನ್ನು ಪಡೆದವರ ಬೇರೊಂದು ಪುಸ್ತಕವನ್ನು ಮತ್ತೆ ಪರಿಗಣಿಸುವುದಿಲ್ಲ. ಅಕಾಡೆಮಿಯ ಅತ್ಯುನ್ನತ ಗೌರವವಾದ ಫೆಲೋಶಿಪ್ ಪಡೆದವರ ಪುಸ್ತಕಗಳೂ ಪರಿಗಣನೆಗೆ ಬರುವುದಿಲ್ಲ. ಇನ್ನೂ ಮುಖ್ಯವಾದುದೆಂದರೆ, ಅಕಾಡೆಮಿಯ ಕಾರ್ಯಕಾರಿ ಮಂಡಲಿಯ ಸದಸ್ಯರ ಪುಸ್ತಕಗಳು ಪ್ರಶಸ್ತಿಗೆ ಅರ್ಹವಲ್ಲ. ಬಡಿಸುವವನು ತನ್ನ ಎಲೆಗೆ ತಾನೇ ಬಡಿಸಿಕೊಳ್ಳಬಾರದಷ್ಟೆ.

ಲೇಖಕನು ತೀರಿಕೊಂಡ ಮೇಲೆ ಅವನ ಪುಸ್ತಕಕ್ಕೆ ಪ್ರಶಸ್ತಿ ಸಲ್ಲಬಹುದೆ? ಸಂದಿರುವ ನಿದರ್ಶನಗಳು ಇವೆ. ಚಿತ್ರದುರ್ಗದ ಕೊನೆಯ ದಿನಗಳನ್ನು ಚಿತ್ರಿಸುವ ‘ದುರ್ಗಾಸ್ತಮಾನ’ವನ್ನು ಬರೆದ ತ. ರಾ. ಸುಬ್ಬರಾಯರು 1984ರಲ್ಲಿ ನಿಧನರಾದರು. ಮರುವರ್ಷ, 1985ರಲ್ಲಿ, ಆ ಕಾದಂಬರಿಗೆ ಅಕಾಡೆಮಿಯ ಪ್ರಶಸ್ತಿ ಬಂದಿತು. ಲೇಖಕನು ಅಳಿದರೂ ಪುಸ್ತಕ ಉಳಿಯುತ್ತದೆ ಎಂಬ ಮಾತಿಗೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಹಿರಿಯರ ನಡುವೆ ಕಿರಿಯರು ಮರೆಯಾಗಬಾರದೆಂದು 2011ರಿಂದ ‘ಯುವ ಪುರಸ್ಕಾರ’ವನ್ನು ನೀಡಲಾಗುತ್ತಿದೆ. ಇದಕ್ಕೆ ಲೇಖಕರ ವಯಸ್ಸು ಪ್ರಶಸ್ತಿಯ ವರ್ಷದ ಜನವರಿ 1ಕ್ಕೆ 35 ವರ್ಷಗಳನ್ನು ಮೀರಿರಬಾರದು. ಮಕ್ಕಳಿಗಾಗಿ ಬರೆಯುವವರಿಗೆ 2010ರಿಂದ ‘ಬಾಲ ಸಾಹಿತ್ಯ ಪುರಸ್ಕಾರ’ ಉಂಟು. ಇಂದು ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ವಿದ್ಯಾರ್ಥಿಗೆ ಯುವ ಪುರಸ್ಕಾರದ ಹೊಸ್ತಿಲು ಇನ್ನು ಇಪ್ಪತ್ತು ವರ್ಷಗಳವರೆಗೆ ತೆರೆದೇ ಇರುತ್ತದೆ.

ಹೊಸ್ತಿಲು ದಾಟಿದ ಪುಸ್ತಕಗಳ ಆಯ್ಕೆ ಹೇಗೆ ನಡೆಯುತ್ತದೆ ಎಂಬುದನ್ನೂ ಸಂಕ್ಷೇಪವಾಗಿ ತಿಳಿಯಬಹುದು. ಬಹುಕಾಲದಿಂದ ನಡೆದುಬಂದ ಕ್ರಮದಂತೆ, ಮೊದಲು ಆ ಭಾಷೆಯ ತಜ್ಞರು ಅರ್ಹ ಪುಸ್ತಕಗಳ ಮೂಲಪಟ್ಟಿಯೊಂದನ್ನು ಸಿದ್ಧಪಡಿಸುತ್ತಾರೆ. ಭಾಷಾ ಸಲಹಾ ಮಂಡಲಿಯ ಸದಸ್ಯರು ಅದನ್ನು ಪರಿಶೀಲಿಸಿ, ತಮಗೆ ಉತ್ತಮವೆನಿಸಿದವುಗಳನ್ನು ಸೂಚಿಸುತ್ತಾರೆ. ಬಳಿಕ ಹತ್ತು ಮಂದಿ ಪರಿಶೀಲಕರು ತಮ್ಮ ಶಿಫಾರಸುಗಳನ್ನು ಕಳುಹಿಸುತ್ತಾರೆ. ಹೀಗೆ ಜರಡಿಯಿಂದ ಜರಡಿಗೆ ಇಳಿದು ಉಳಿದ ಕೆಲವೇ ಪುಸ್ತಕಗಳನ್ನು ಮೂವರು ತೀರ್ಪುಗಾರರ ಸಮಿತಿಯು ಓದಿ, ಒಮ್ಮತದಿಂದ ಅಥವಾ ಬಹುಮತದಿಂದ ಒಂದನ್ನು ಆರಿಸುತ್ತದೆ.

ಈ ಹಾದಿಯಲ್ಲಿ ಎರಡು ಎಚ್ಚರಿಕೆಗಳಿವೆ. ಲೇಖಕನು ತನ್ನ ಪುಸ್ತಕಕ್ಕೆ ಪ್ರಶಸ್ತಿ ಬರಬೇಕೆಂದು ಪ್ರಭಾವ ಬೀರಲು, ವಶೀಲಿ ನಡೆಸಲು ಯತ್ನಿಸಿದನೆಂಬುದು ಸಿದ್ಧಪಟ್ಟರೆ ಪುಸ್ತಕವು ಅನರ್ಹವಾಗುತ್ತದೆ. ಪುಸ್ತಕವು ತನ್ನ ಪರವಾಗಿ ತಾನೇ ಮಾತನಾಡಬೇಕು. ಲೇಖಕನು ಬಾಗಿಲು ಬಾಗಿಲು ಅಲೆಯಬೇಕಾಗಿಲ್ಲ. ಎರಡನೆಯದಾಗಿ, ಯಾವ ಪುಸ್ತಕವೂ ತಕ್ಕುದೆನಿಸದಿದ್ದರೆ ಆ ವರ್ಷ ಪ್ರಶಸ್ತಿಯನ್ನು ಕೊಡದೆಯೂ ಇರಬಹುದು. ಕನ್ನಡದಲ್ಲಿ 1957 ಮತ್ತು 1963ರಲ್ಲಿ ಪ್ರಶಸ್ತಿ ಯಾರಿಗೂ ಸಲ್ಲಲಿಲ್ಲ. ಕೊಡಲೇಬೇಕೆಂಬ ಕಟ್ಟಿಲ್ಲದಿರುವುದರಿಂದಲೇ ಕೊಟ್ಟಾಗ ಅದಕ್ಕೆ ಬೆಲೆ.

ಎಲ್ಲ ಪ್ರಶಸ್ತಿಗಳ ನಿಯಮಗಳೂ ಒಂದೇ ತೆರನಲ್ಲ. ಭಾರತೀಯ ಜ್ಞಾನಪೀಠವೆಂಬ ಖಾಸಗಿ ಸಂಸ್ಥೆಯು ಕೊಡುವ ಜ್ಞಾನಪೀಠ ಪ್ರಶಸ್ತಿಯನ್ನು ಇದರೊಡನೆ ಹೋಲಿಸಬಹುದು. 1965ರಲ್ಲಿ ಮಲಯಾಳದ ಜಿ. ಶಂಕರ ಕುರುಪ್ ಅವರಿಗೆ ಸಂದ ಮೊದಲ ಪ್ರಶಸ್ತಿಯಿಂದ ಆರಂಭಿಸಿ 1981ರವರೆಗೆ ಅದನ್ನು ಗೊತ್ತಾದ ಒಂದು ಕೃತಿಗಾಗಿ ಕೊಡಲಾಗುತ್ತಿತ್ತು. ‘ಶ್ರೀರಾಮಾಯಣ ದರ್ಶನಂ’ 1967ರಲ್ಲಿ, ಬೇಂದ್ರೆಯವರ ‘ನಾಕು ತಂತಿ’ 1973ರಲ್ಲಿ, ಕಾರಂತರ ‘ಮೂಕಜ್ಜಿಯ ಕನಸುಗಳು’ 1977ರಲ್ಲಿ ಆ ಗೌರವಕ್ಕೆ ಪಾತ್ರವಾದವು. 1982ರಿಂದ ನಿಯಮ ಬದಲಾಯಿತು. ಒಂದು ಪುಸ್ತಕಕ್ಕೆ ಬದಲಾಗಿ ಲೇಖಕರ ಸಮಗ್ರ ಸಾಹಿತ್ಯಸೇವೆಯನ್ನು ಗಮನಿಸುವ ಪದ್ಧತಿ ಬಂದಿತು. ಅಲ್ಲಿ ಪ್ರತಿ ಭಾಷೆಗೂ ಒಂದೊಂದು ಪ್ರಶಸ್ತಿಯಿಲ್ಲ. ಎಲ್ಲ ಭಾಷೆಗಳ ನಡುವೆ ಆಯ್ಕೆ. ಆದುದರಿಂದ ಒಂದು ಭಾಷೆಗೆ ಪ್ರಶಸ್ತಿ ಬಂದ ಮೇಲೆ ಮುಂದಿನ ಎರಡು ವರ್ಷ ಆ ಭಾಷೆಯನ್ನು ಪರಿಗಣಿಸುವುದಿಲ್ಲವೆಂಬ ನಿಯಮವೂ ಉಂಟು. ಇದೂ ಪಂಕ್ತಿಭೇದವನ್ನು ತಪ್ಪಿಸುವ ಉಪಾಯವೇ.

ಬ್ರಿಟನ್ನಿನ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯ ನಿಯಮವಂತೂ ಇದಕ್ಕೆ ತದ್ವಿರುದ್ಧ. ಅಕಾಡೆಮಿಯ ವಾರ್ಷಿಕ ಪ್ರಶಸ್ತಿಗೆ ಅನುವಾದವಾಗಿರುವುದು ಅಡ್ಡಿ. ಅಲ್ಲಿ ಅನುವಾದವಾಗಿರುವುದೇ ಅರ್ಹತೆ. ಬೇರೆ ಭಾಷೆಯಿಂದ ಇಂಗ್ಲಿಷಿಗೆ ಅನುವಾದಗೊಂಡು, ಬ್ರಿಟನ್ನಿನಲ್ಲಿಯೋ ಐರ್ಲೆಂಡಿನಲ್ಲಿಯೋ ಪ್ರಕಟವಾದ ಪುಸ್ತಕವನ್ನು ಅದರ ಪ್ರಕಾಶಕರು ಕಳುಹಿಸಬೇಕು. 2025ರಲ್ಲಿ ಈ ಪ್ರಶಸ್ತಿ ಹಾಸನದ ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳಿಗೆ ಸಂದಿತು. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಆ 12 ಕಥೆಗಳ ಸಂಕಲನದ ಹೆಸರು ‘ಹಾರ್ಟ್ ಲ್ಯಾಂಪ್’. 50,000 ಪೌಂಡುಗಳ ಬಹುಮಾನವನ್ನು ಲೇಖಕಿಯೂ ಅನುವಾದಕಿಯೂ ಸಮನಾಗಿ ಹಂಚಿಕೊಂಡರು. ಈ ಕಥೆಗಳು ಕನ್ನಡದಲ್ಲಿ ಬಹಳ ಹಿಂದಿನಿಂದಲೂ ಇದ್ದವು. ಅನುವಾದಕಿಯೊಬ್ಬರು, ಪ್ರಕಾಶಕರೊಬ್ಬರು ಕೈಗೂಡಿಸಿದಾಗಲಷ್ಟೇ ಅವು ಆ ದೂರದ ಹೊಸ್ತಿಲನ್ನು ತಲುಪಿದವು.

ನಿಯಮಗಳಿವೆಯೆಂದ ಮಾತ್ರಕ್ಕೆ ತಪ್ಪುಗಳು ಆಗುವುದೇ ಇಲ್ಲವೆಂದು ಹೇಳುವಂತಿಲ್ಲ. ನಿಯಮಗಳು ಮನುಷ್ಯರು ಮಾಡಿದವು. ಅನುಭವದಿಂದ ಅವು ತಿದ್ದುಪಡಿಯಾಗುತ್ತ ಬಂದಿವೆ. 1954ರ ಅಕ್ಟೋಬರಿನಲ್ಲಿ ನಿಧನರಾದ ಬಂಗಾಳಿ ಕವಿ ಜೀವನಾನಂದ ದಾಸರ ಆಯ್ದ ಕವಿತೆಗಳ ಸಂಪುಟಕ್ಕೆ 1955ರಲ್ಲಿ ಅಕಾಡೆಮಿಯ ಪ್ರಶಸ್ತಿ ಸಂದಿತು. ಹಿಂದಿನ ಸಂಗ್ರಹಗಳಿಂದ ಕವಿತೆಗಳನ್ನು ಆರಿಸಿಕೊಂಡ ಅಂಥ ಸಂಪುಟವು ಇಂದಿನ ನಿಯಮಗಳ ಜರಡಿಯನ್ನು ದಾಟುವುದು ಕಷ್ಟ. ಆದರೆ ಇಪ್ಪತ್ತನೆಯ ಶತಮಾನದ ಬಂಗಾಳಿ ಕಾವ್ಯದಲ್ಲಿ ಅವರ ಸ್ಥಾನ ಎತ್ತರವಾದುದೆಂಬುದನ್ನು ಯಾರೂ ಅಲ್ಲಗಳೆಯರು. ಇನ್ನೊಂದು ಉದಾಹರಣೆ ನಮ್ಮ ಯು. ಆರ್. ಅನಂತಮೂರ್ತಿಯವರದು. ‘ಸಂಸ್ಕಾರ’ದಂಥ ಕಾದಂಬರಿಯನ್ನು ಬರೆದ ಅವರಿಗೆ 1994ರ ಜ್ಞಾನಪೀಠ ಪ್ರಶಸ್ತಿ ಬಂದಿತು; ಅವರು 1993ರಿಂದ 1998ರವರೆಗೆ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರೂ ಆಗಿದ್ದರು. ಆದರೆ ಅಕಾಡೆಮಿಯ ವಾರ್ಷಿಕ ಪ್ರಶಸ್ತಿಯ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಇದರಿಂದ ಅವರ ಕೃತಿಗಳ ತೂಕವೇನೂ ಕಡಿಮೆಯಾಗಲಿಲ್ಲ.

ಹಾಗಾದರೆ ನಿಯಮಗಳ ಪ್ರಯೋಜನವೇನು? ನಿಯಮವು ಶ್ರೇಷ್ಠ ಪುಸ್ತಕವನ್ನು ಸೃಷ್ಟಿಸಲಾರದು. ಶ್ರೇಷ್ಠವಾದುದು ತಪ್ಪದೆ ಗೆಲ್ಲುವಂತೆ ಮಾಡಲೂ ಆರದು. ಅದು ಮಾಡಬಲ್ಲುದು ಒಂದೇ: ಹೆಸರಾಂತ ಸಾಹಿತಿಯ ಪುಸ್ತಕವನ್ನೂ, ಸಣ್ಣ ಊರಿನಲ್ಲಿ ಕುಳಿತು ಬರೆಯುವ ಅಪರಿಚಿತ ಲೇಖಕನ ಮೊದಲ ಪುಸ್ತಕವನ್ನೂ ಒಂದೇ ಅಳತೆಯಿಂದ ಅಳೆದು, ಒಂದೇ ಪಂಕ್ತಿಯಲ್ಲಿ ಕೂರಿಸುವುದು. ಪಂಪನ ಕಾಲದಲ್ಲಿ ಅರಮನೆಯ ಬಾಗಿಲನ್ನು ಕಾಣದೆ ಮರೆಯಾದ ಕವಿಗೆ ಈ ಅವಕಾಶವಿರಲಿಲ್ಲ. ಇಂದಿನ ಕವಿಗೆ ಇದೆ. ಅವನು ಯಾವ ಜಾತಿಯವನು, ಯಾವ ಊರಿನವನು, ಯಾರಿಗೆ ಪರಿಚಿತನು ಎಂಬುದನ್ನು ಹೊಸ್ತಿಲು ಕೇಳುವುದಿಲ್ಲ.

ಹೊಸ್ತಿಲಿನ ಆಚೆಗೆ ಇನ್ನೊಂದು ಪರೀಕ್ಷೆಯಿದೆ. ಅದಕ್ಕೆ ಅವಧಿಯಿಲ್ಲ, ಸಮಿತಿಯಿಲ್ಲ, ತಾಮ್ರದ ಫಲಕವೂ ಇಲ್ಲ. ಐದು ವರ್ಷಗಳ ಲೆಕ್ಕವು ಮುಗಿದ ಮೇಲೆಯೂ ಗ್ರಂಥಾಲಯದ ಕಪಾಟಿನಿಂದ ಪುಸ್ತಕವೊಂದನ್ನು ಕೈಗೆತ್ತಿಕೊಂಡು, ದೀಪದ ಬೆಳಕಿನಲ್ಲಿ ಕೊನೆಯ ಪುಟದವರೆಗೆ ಓದುವ ಓದುಗನೇ ಅಲ್ಲಿಯ ತೀರ್ಪುಗಾರ. ಅರಿಕೇಸರಿಯು ಕೊಟ್ಟ ಅಗ್ರಹಾರ ಇಂದು ಪಂಪನ ವಂಶದವರ ಕೈಯಲ್ಲಿಲ್ಲ. ಪಂಪನ ಕಾವ್ಯವು ಮಾತ್ರ ಕನ್ನಡಿಗರೆಲ್ಲರ ಕೈಯಲ್ಲಿದೆ.